ಚಕ್ರ ತೊಟ್ಟಿಲಲ್ಲಿರುವಾಗ

ಏಳನೆಯ ಗಡಿಯಾರಕ್ಕೆ ಕೀ ಕೊಡುವ ಸದ್ದು ನಡುವೆಯೇ ನಿಂತುಹೋಯಿತು. ಹಲಗೆಯ ಅಡ್ಡಗೋಡೆಯ ಈಚೆ, ಒಳಕೋಣೆಯಲ್ಲಿ ಕುಳಿತಿದ್ದ ಆಕೆಗೆ ಅದು ಕೇಳಿಸಿತು. ಕೇಳಿಸಿತು ಎಂಬುದೇ ಅವರ ಎದೆಯ ಮೇಲೆ ಇಂದಿಗೂ ಕೂತಿರುವ ಕಲ್ಲು.

ಹತ್ತು ತಿಂಗಳ ಹಿಂದಿನ ಮಾತು. ಬೆಳಗಿನ ಐದೂಮುಕ್ಕಾಲು ಗಂಟೆ. ಮುಂಭಾಗದ ಅಂಗಡಿಯಲ್ಲಿ ಯಜಮಾನರು, ಅವರ ಗಂಡ, ರಿಪೇರಿಯಾದ ಕೈಗಡಿಯಾರಗಳಿಗೆ ದಿನದಂತೆ ಕೀ ಕೊಡುತ್ತಿದ್ದರು. ಗೋಡೆಯ ಮೇಲೆ ಸಾಲಾಗಿ ಹದಿನೇಳು ಕೊಕ್ಕೆ, ಎಡದಿಂದ ಬಲಕ್ಕೆ, ಒಂದೊಂದಕ್ಕೂ ಇಪ್ಪತ್ತು ಸುತ್ತು. ಒಳಕೋಣೆಯಲ್ಲಿ ಹೆಂಡತಿ ಒಂದು ಗಡಿಯಾರದ ತೂಗುಚಕ್ರದ ಭಾರ ನೋಡುತ್ತಿದ್ದರು. ಕೀ ಕೊಡುವ ಆ ಕಿರ್ರ್ ಕಿರ್ರ್ ಸದ್ದನ್ನು ಅವರು ಎಣಿಸುತ್ತಿರಲಿಲ್ಲ, ಕಿವಿ ತಾನಾಗಿ ಎಣಿಸುತ್ತಿತ್ತು. ಏಳನೆಯದರ ಹನ್ನೊಂದನೆಯ ಸುತ್ತಿಗೆ ಸದ್ದು ನಿಂತಿತು.

"ಯಾರೋ ಬಂದಿರಬೇಕು ಅಂದ್ಕೊಂಡೆ" ಎನ್ನುತ್ತಾರೆ ಅವರು. "ಚಕ್ರ ಇನ್ನೂ ತೂಗ್ತಾ ಇತ್ತು. ಅದು ನಿಲ್ಲೋವರೆಗೆ ಉಸಿರು ಬಿಡಬಾರದು. ನಾನು ಬಿಡಲಿಲ್ಲ."

ಚಕ್ರ ನಿಂತಿತು. ಭಾರದ ಬದಿಯನ್ನು ಗುರುತು ಮಾಡಿಕೊಂಡು ಅವರು ಅಡ್ಡಗೋಡೆಯನ್ನು ಎರಡು ಸಲ ತಟ್ಟಿದರು. ಎರಡು ತಟ್ಟು ಎಂದರೆ ಕೆಲಸ ಮುಗಿಯಿತು, ಇನ್ನು ಮಾತಾಡಬಹುದು ಎಂದರ್ಥ. ಅದಕ್ಕೆ ಉತ್ತರವಾಗಿ ಯಜಮಾನರು ಗಂಟಲು ಸರಿಮಾಡಿಕೊಳ್ಳಬೇಕು. ಆ ದಿನ ಗಂಟಲಿನ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರಿನ ಅಂಗಡಿಯ ದರ್ಜಿಯ ಕೂಗು ಬಂತು. "ಅಕ್ಕಾ! ಬೇಗ ಬನ್ನಿ ಅಕ್ಕಾ! ಅಣ್ಣ ಮಾತಾಡ್ತಿಲ್ಲ!"

ಎದ್ದ ರಭಸಕ್ಕೆ ಕೈಯಲ್ಲಿದ್ದ ಉಕ್ಕಿನ ಚಿಮುಟ ಜಾರಿ ಮೇಜಿನ ಮೇಲಿನ ಸಲಕರಣೆಗೆ ಬಡಿದು 'ಟಣ್' ಎಂದಿತು. ಅವರು ತಿರುಗಿ ನೋಡಲಿಲ್ಲ. ಹೊರಗೆ ಬಂದಾಗ ಯಜಮಾನರು ಕುರ್ಚಿಯಲ್ಲೇ ಒರಗಿದ್ದರು. ಎಡಗೈ ಏಳನೆಯ ಗಡಿಯಾರವನ್ನು ಎದೆಗೆ ಒತ್ತಿ ಹಿಡಿದಿತ್ತು. ಗಡಿಯಾರ ನಡೆಯುತ್ತಿತ್ತು.

*

ಈಗಲೂ ಅವರ ಕೆಲಸ ಬೆಳಗಿನ ಐದಕ್ಕೇ ಶುರುವಾಗುತ್ತದೆ. ಭಕ್ತಿಯಿಂದ ಬೇಗ ಏಳುವವರು ಬೇರೆ, ಇವರು ಏಳುವುದು ಲಾರಿಗಳಿಗೆ ಹೆದರಿ. ಏಳು ಗಂಟೆಯ ಮೇಲೆ ಬೀದಿಯಲ್ಲಿ ಗಾಡಿ ಓಡಾಡತೊಡಗಿದರೆ ನೆಲ ನಡುಗುತ್ತದೆ, ನೆಲ ನಡುಗಿದರೆ ಮೇಜು ನಡುಗುತ್ತದೆ. ಮೇಜಿನ ನಾಲ್ಕು ಕಾಲುಗಳನ್ನೂ ಮರಳು ತುಂಬಿದ ಡಬ್ಬಿಗಳಲ್ಲಿ ಇಳಿಸಿದ್ದಾರೆ. ಆದರೂ ಸಾಲದು. ಕೋಣೆ ಎಂಟಡಿ ಉದ್ದ, ಆರಡಿ ಅಗಲ. ಕಿಟಕಿಯ ಸಂದುಗಳಿಗೆಲ್ಲ ಕಾಗದ ಅಂಟಿಸಿದೆ. ಬೇಸಿಗೆಯಲ್ಲೂ ಫ್ಯಾನ್ ಇಲ್ಲ. ಚಹಾ ಕುಡಿದರೆ ಕೈ ಚುರುಕಾಗಿಬಿಡುತ್ತದೆ ಎಂದು ಕೆಲಸ ಮುಗಿಯುವವರೆಗೆ ಬರೀ ನೀರು.

ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಹಿತ್ತಾಳೆಯ ಚಿಮುಟದಿಂದ ಒಂದು ಚಕ್ರವನ್ನು ಎತ್ತುತ್ತಾರೆ. ರವಿಕೆಯ ಗುಂಡಿಯಷ್ಟು ದೊಡ್ಡದು. ಅಂಚಿನ ಸುತ್ತ ಹದಿನಾಲ್ಕು ಸ್ಕ್ರೂಗಳು, ಬರಿಗಣ್ಣಿಗೆ ಧೂಳಿನ ಕಣದಂತೆ. ಕೀ ಕೊಡುವ ಗಡಿಯಾರದ ಜೀವವೇ ಈ ಚಕ್ರ. ಗಂಟೆಗೆ ಹದಿನೆಂಟು ಸಾವಿರ ಸಲ ಅತ್ತ ಇತ್ತ ತೂಗುತ್ತದೆ, ದಿನಕ್ಕೆ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಸಲ. ಅದರ ಒಂದು ಬದಿ ಕೂದಲೆಳೆಯಷ್ಟು ಭಾರವಾಗಿದ್ದರೂ ಗಡಿಯಾರ ನೇತಾಡುವಾಗ ಒಂದು ಹೊತ್ತು, ಮಲಗಿರುವಾಗ ಇನ್ನೊಂದು ಹೊತ್ತು ತೋರಿಸುತ್ತದೆ. ಕೂತರೊಂದು ಮಾತು, ನಿಂತರೊಂದು ಮಾತು ಆಡುವ ಮನುಷ್ಯರ ಹಾಗೆ.

ಆ ಭಾರವನ್ನು ಹುಡುಕುವ ಸಲಕರಣೆ ಅಂಗೈಯಷ್ಟು ಅಗಲದ ಒಂದು ಹಿತ್ತಾಳೆಯ ಪೀಠ. ಅದರ ಮೇಲೆ ಎದುರುಬದುರಾಗಿ ಕೆಂಪುಕಲ್ಲಿನ ಎರಡು ಅಂಚು, ಚಾಕುವಿನ ಬಾಯಿಯಂತೆ ತೆಳುವಾಗಿ ತಿದ್ದಿದ್ದು. ಚಕ್ರದ ಅಚ್ಚಿನ ಎರಡು ತುದಿಗಳನ್ನು ಆ ಅಂಚುಗಳ ಮೇಲಿಟ್ಟು ಬಿಟ್ಟರೆ ಚಕ್ರ ಮೆಲ್ಲಗೆ ಉರುಳುತ್ತದೆ, ಹಿಂದೆ ಬರುತ್ತದೆ, ತೂಗಿ ತೂಗಿ ಕೊನೆಗೆ ಭಾರದ ಬದಿಯನ್ನು ಕೆಳಗೆ ಮಾಡಿ ನಿಲ್ಲುತ್ತದೆ. ಅದಕ್ಕೆ ಸಲಕರಣೆ ಮಾರುವ ಅಂಗಡಿಯವರು ಏನೇನೋ ಹೆಸರು ಹೇಳುತ್ತಾರೆ. ಈ ಮನೆಯಲ್ಲಿ ಅದರ ಹೆಸರು ತೊಟ್ಟಿಲು.

ಭಾರದ ಬದಿ ಗೊತ್ತಾದ ಮೇಲೆ ಅಲ್ಲಿನ ಸ್ಕ್ರೂವನ್ನು ಬಿಚ್ಚಿ, ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿ, ಸೂಜಿಯ ಗಾತ್ರದ ಟೊಳ್ಳು ಕೊರಕದಿಂದ ಅದರ ತಲೆಯ ಅಡಿಭಾಗವನ್ನು ಒಂದೇ ಒಂದು ಸುತ್ತು ಕೆರೆಯುತ್ತಾರೆ. ಬಂಗಾರದ ಬಣ್ಣದ ಒಂದು ಸುರುಳಿ ಬೀಳುತ್ತದೆ, ಉಸಿರು ತಗುಲಿದರೆ ಕಾಣೆಯಾಗುವಂಥದ್ದು. ಮತ್ತೆ ಸ್ಕ್ರೂ ಬಿಗಿದು ತೊಟ್ಟಿಲಿಗೆ. ಎಲ್ಲಿಟ್ಟರೂ, ಹೇಗಿಟ್ಟರೂ ಚಕ್ರ ಇಟ್ಟಲ್ಲೇ ಸುಮ್ಮನಿರಬೇಕು, ಹಾಲು ಕುಡಿದು ಮಲಗಿದ ಮಗುವಿನಂತೆ. ಮೂರು ಜಾಗದಲ್ಲಿ ಇಟ್ಟು ಮೂರು ಸಲ ನೋಡಬೇಕು ಎಂಬುದು ಯಜಮಾನರು ಕಲಿಸಿದ ನೇಮ. "ಒಂದು ಸಲ ನೋಡಿದ್ದು ನೋಡಿದ್ದಲ್ಲ" ಎನ್ನುತ್ತಿದ್ದರಂತೆ ಅವರು.

ಹಿಂದೆ ದಿನಕ್ಕೆ ನಾಲ್ಕು ಚಕ್ರ ಮಾಡುತ್ತಿದ್ದವರು ಈಗ ಎರಡು ಮಾಡುತ್ತಾರೆ. ಅರವತ್ತೊಂದರ ವಯಸ್ಸು. ಕತ್ತು ಹಿಡಿದುಕೊಳ್ಳುತ್ತದೆ, ಕಣ್ಣು ಮಂಜಾಗಿ ನೀರು ಬರುತ್ತದೆ. "ಅಳೋದಲ್ಲ, ಬರೀ ನೀರು" ಎಂದು ಒರೆಸಿಕೊಳ್ಳುತ್ತಾರೆ. ಭೂತಗನ್ನಡಿಯನ್ನು ಮತ್ತೆ ಸಿಕ್ಕಿಸಿಕೊಳ್ಳುತ್ತ, "ಒಂದೊಂದ್ಸಲ ಎರಡೂ ಸೇರ್ಕೊಂಡಿರುತ್ತೆ, ಯಾವುದು ಯಾವುದು ಅಂತ ಯಾರು ನೋಡ್ತಾರೆ?" ಎನ್ನುತ್ತಾರೆ.

*

ಮೂವತ್ತು ವರ್ಷ ಈ ಕೆಲಸ ಯಾರದು ಎಂದು ಎದುರಿನ ದರ್ಜಿಯನ್ನು ಬಿಟ್ಟರೆ ಊರಿಗೆ ಗೊತ್ತಿರಲಿಲ್ಲ. ಯಜಮಾನರಿಗೆ ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಹೋಗುವಾಗ ಬಲಗೈಗೆ ಸಣ್ಣದೊಂದು ನಡುಕವನ್ನು ಬಿಟ್ಟುಹೋಯಿತು. ಲೋಟ ಹಿಡಿಯಲು, ಕೀ ಕೊಡಲು, ಮುಳ್ಳು ಜೋಡಿಸಲು ತೊಂದರೆಯಿಲ್ಲ. ತೂಗುಚಕ್ರಕ್ಕೆ ಮಾತ್ರ ಆ ಕೈ ಆಗದು. ಬಟ್ಟೆಗೆ ಮಣಿ ಪೋಣಿಸಿ ಹೊಲಿಯುತ್ತಿದ್ದ ಹೆಂಡತಿಯ ಬೆರಳುಗಳನ್ನು ಅವರು ನೋಡಿದರು. ಕಲಿಸತೊಡಗಿದರು. ಮೊದಲು ಹಳೆಯ ಅಲಾರಾಂ ಗಡಿಯಾರದ ದೊಡ್ಡ ಚಕ್ರ, ಆಮೇಲೆ ಚಿಕ್ಕದು. ನಾಲ್ಕು ತಿಂಗಳಲ್ಲಿ ಇಪ್ಪತ್ತಮೂರು ಅಚ್ಚಿನ ತುದಿ ಮುರಿದವು.

"ಬೈಯಲಿಲ್ಲವೆ?" ಎಂದು ಕೇಳಿದರೆ ಆಕೆ ಹೇಳುತ್ತಾರೆ:

"ಬೈದಿದ್ರೆ ಚೆನ್ನಾಗಿರ್ತಿತ್ತು. ಮುರಿದಾಗೆಲ್ಲ 'ಸರಿ, ಇದೂ ಲೆಕ್ಕಕ್ಕಿರಲಿ' ಅಂತಿದ್ರು. ಆ ಮಾತಿಗೇ ನನಗೆ ಅವಮಾನ ಆಗ್ತಿತ್ತು."

ಆಗ ಅವರು ಹೇಳಿಕೊಟ್ಟ ಇನ್ನೊಂದು ಮಾತನ್ನು ಆಕೆ ಮರೆತಿಲ್ಲ. ಹೊಸದರಲ್ಲಿ ಭಾರ ಕಂಡಲ್ಲೆಲ್ಲ ಕೆರೆಯುವ ಆತುರ. ಕೆರೆದು ಕೆರೆದು ಚಕ್ರವೇ ಹಗುರಾಗಿ ಗಡಿಯಾರ ಕುದುರೆಯಂತೆ ಓಡುತ್ತಿತ್ತು. "ಭಾರ ಇರೋದು ತಪ್ಪಲ್ಲ ಕಣೇ, ಒಂದೇ ಕಡೆ ಇರೋದು ತಪ್ಪು" ಎಂದರಂತೆ ಯಜಮಾನರು.

ಗಿರಾಕಿಗಳು ಕೇಳಿದರೆ ಅವರು "ಒಳಗಿನವರಿಗೆ ಕೊಟ್ಟಿದ್ದೀನಿ, ಒಳಗಿನವರು ನೋಡ್ತಾರೆ" ಎನ್ನುತ್ತಿದ್ದರು. ಜನ ತಮಗೆ ತೋಚಿದಂತೆ ತಿಳಿದುಕೊಂಡರು. ಒಳಗೆ ಯಾರೋ ವಯಸ್ಸಾದ ದೊಡ್ಡ ಕಸಬುದಾರ ಇದ್ದಾನೆ, ಮುಂಗೋಪಿ, ಯಾರ ಮುಖವನ್ನೂ ನೋಡುವುದಿಲ್ಲ ಎಂದು ಸುದ್ದಿಯಾಯಿತು. ಒಬ್ಬರು ಆ ಮುದುಕನಿಗೆಂದು ಬೆಳ್ಳಿ ಮುಚ್ಚಳದ ನಶ್ಯದ ಡಬ್ಬಿಯನ್ನೇ ಕಳಿಸಿದ್ದರು. ಆ ಡಬ್ಬಿಯಲ್ಲಿ ಈಗ ಸ್ಕ್ರೂಗಳಿವೆ. ಯಜಮಾನರು ಹೋದ ಮೇಲೂ ಚಕ್ರಗಳು ಹೊರಗೆ ಬರುತ್ತಲೇ ಇರುವುದನ್ನು ಕಂಡಾಗಲೇ ಬೀದಿಗೆ ವಿಷಯ ತಿಳಿದದ್ದು. ಅಂದಿನಿಂದ ಎಲ್ಲರ ಬಾಯಲ್ಲಿ ಅವರು 'ಒಳಗಿನಮ್ಮ'.

ಚಕ್ರ ತೊಟ್ಟಿಲಲ್ಲಿರುವಾಗ ಬಾಗಿಲು ತೆರೆಯುವ ಗಾಳಿಗೂ ಅದು ಉರುಳುತ್ತದೆ. ಜೋರಾಗಿ ಮಾತಾಡಿದರೂ ಅಷ್ಟೆ. ಹಾಗಾಗಿ ಗಂಡ ಹೆಂಡಿರ ನಡುವೆ ಒಂದು ಏರ್ಪಾಡಿತ್ತು. ಚಕ್ರ ಇಟ್ಟೊಡನೆ ಒಳಗಿನಿಂದ ಒಂದು ತಟ್ಟು. ತೆಗೆದೊಡನೆ ಎರಡು ತಟ್ಟು. ಒಂದು ತಟ್ಟು ಕೇಳಿಸಿತೆಂದರೆ ಯಜಮಾನರು ಬಂದವರಿಗೆ ಬಲಗೈ ಎತ್ತಿ ಅಂಗೈ ತೋರಿಸುತ್ತಿದ್ದರು. ಬೀದಿಯವರೆಲ್ಲ ಆ ಕೈಯನ್ನು ಬಲ್ಲರು. ಜಗಳಕ್ಕೆಂದು ಬಂದವನೂ ಅದನ್ನು ಕಂಡರೆ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ, ಎರಡು ತಟ್ಟು ಕೇಳಿಸಿದ ಮೇಲೆ ಜಗಳ ಶುರುಮಾಡುತ್ತಿದ್ದ.

*

ಯಜಮಾನರು ಹೋದ ಹದಿನೈದು ದಿನಕ್ಕೆ ಒಳಗಿನಮ್ಮ ಮತ್ತೆ ಮೇಜಿನ ಮುಂದೆ ಕುಳಿತರು. ಮನೆಯಲ್ಲಿ ಕುಳಿತರೆ ಗೋಡೆ ನೋಡಬೇಕು, ಇಲ್ಲಿ ಚಕ್ರ ನೋಡಬಹುದು ಎಂದು. ದಿನಬಿಟ್ಟು ದಿನ ಕೆಲಸ. ಹೊರಗಿನ ಕುರ್ಚಿಯಲ್ಲಿ ಯಾರೂ ಇಲ್ಲ, ಕೀ ಕೊಡುವ ಸದ್ದಿಲ್ಲ. ಆ ಸದ್ದಿದ್ದರೆ ತಾನಾಗಿ ನಿಲ್ಲುತ್ತಿದ್ದ ಉಸಿರು ಈಗ ನಿಲ್ಲಿಸಿದರೂ ನಿಲ್ಲದು. ಮೂರು ಸಲ ನೋಡುವಷ್ಟು ಹೊತ್ತು ಉಸಿರು ಹಿಡಿಯಲಾಗದೆ ಒಂದೇ ಸಲ ನೋಡಿ ಬಿಡತೊಡಗಿದರು. ಕೆರೆದರು, ಜೋಡಿಸಿದರು, ಕೊಟ್ಟುಕಳಿಸಿದರು. ಐದು ವಾರ ಹೀಗೆ ನಡೆಯಿತು.

ಆರನೆಯ ವಾರ ಆಸ್ಪತ್ರೆಯ ನರ್ಸ್ ಒಬ್ಬರು ಬಂದರು. ಎದೆಗೆ ಪಿನ್ ಹಾಕಿ ನೇತುಬಿಡುವ ಗಡಿಯಾರ ಅವರದು, ನಾಡಿ ಎಣಿಸಲು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಮೇಜಿನ ಮೇಲೆ ಮಲಗಿಸಿದ್ರೆ ಸರಿಯಾಗಿರುತ್ತೆ. ಎದೆ ಮೇಲೆ ನೇತಾಡಿದ್ರೆ ದಿನಕ್ಕೆ ಮುಕ್ಕಾಲು ನಿಮಿಷ ಹಿಂದೆ ಬೀಳುತ್ತೆ. ನನ್ನ ಹಾಗೇ ಇದೂ ಡ್ಯೂಟಿ ಅಂದ್ರೆ ಸುಸ್ತಾಗುತ್ತೆ ಅನ್ಸುತ್ತೆ."

ಒಳಗಿನಮ್ಮ ನಗಲಿಲ್ಲ. ಮಲಗಿದಾಗ ಸರಿ, ನೇತಾಡಿದಾಗ ತಪ್ಪು ಎಂದರೆ ಭಾರದ ತಪ್ಪು. ಮರುದಿನ ಬೆಳಿಗ್ಗೆ ಆ ಚಕ್ರವನ್ನು ತೊಟ್ಟಿಲಿಗೆ ಹಾಕಿದರು. ಒಮ್ಮೆ ಒಂದು ಬದಿ ಕೆಳಗೆ ಬಂತು. ಬೇರೆ ರೀತಿಯಲ್ಲಿ ಇಟ್ಟಾಗ ಇನ್ನೊಂದು ಬದಿ, ಮೂರನೆಯ ಸಲ ಮತ್ತೊಂದು. ಚಕ್ರ ಬೇರೆ ಬೇರೆ ಬದಿಯಲ್ಲಿ ನಿಂತಿತು, ಆದರೆ ಅಂಚಿನ ಮೇಲೆ ಅದು ನಿಂತ ಜಾಗ ಮೂರು ಸಲವೂ ಒಂದೇ. ಸೂಜಿಯ ಮೊನೆಯನ್ನು ಕೆಂಪುಕಲ್ಲಿನ ಉದ್ದಕ್ಕೂ ಮೆಲ್ಲಗೆ ಎಳೆದರು. ಒಂದು ಕಡೆ 'ಟಿಕ್' ಎಂದಿತು.

ಕಲ್ಲಿಗೆ ಮುಕ್ಕು ಬಿದ್ದಿತ್ತು. ಆ ಬೆಳಿಗ್ಗೆ ಕೈಜಾರಿದ ಚಿಮುಟ ಬಡಿದ ಜಾಗ.

ಚಕ್ರದ ಅಚ್ಚು ಆ ಗುಳಿಯಲ್ಲಿ ಸಿಕ್ಕಿ ನಿಲ್ಲುತ್ತಿತ್ತು, ಭಾರದಿಂದಲ್ಲ. ನಿಂತಾಗ ಯಾವ ಬದಿ ಕೆಳಗಿತ್ತೋ ಆ ಬದಿಯನ್ನು ಅವರು ಭಾರವೆಂದು ಕೆರೆದಿದ್ದರು. ತೊಟ್ಟಿಲಿನ ಗಾಯಕ್ಕೆ ಮಗುವಿಗೆ ಬರೆ ಹಾಕಿದಂತಾಗಿತ್ತು. ಮೂರು ಸಲ ನೋಡಿದ್ದರೆ ಮೊದಲನೆಯ ದಿನವೇ ತಿಳಿಯುತ್ತಿತ್ತು. ರಿಪೇರಿಯ ಚೀಟಿಗಳನ್ನು ತೆಗೆದು ನೋಡಿದರು. ಹತ್ತು ಗಡಿಯಾರಗಳು ಹಾಗೆ ಹೋಗಿದ್ದವು. ಪ್ರತಿ ಚೀಟಿಯ ತಲೆಯಲ್ಲೂ ಯಜಮಾನರ ಹೆಸರು ಅಚ್ಚಾಗಿತ್ತು.

ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಆ ಸಂಜೆ ಬಂದಾಗ ತಾಯಿ ಇನ್ನೂ ದೀಪ ಹಾಕಿರಲಿಲ್ಲ. ವಿಷಯ ಕೇಳಿ ಮಗಳೆಂದಳು, "ಅಮ್ಮಾ, ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಇದಕ್ಕೆಲ್ಲ ಯಾರಮ್ಮ ತಲೆ ಕೆಡಿಸ್ಕೋತಾರೆ? ಎಲ್ಲರ ಜೇಬಲ್ಲೂ ಫೋನಿದೆ. ಕೇಳಿದವರಿಗೆ ಸರಿಮಾಡಿ ಕೊಟ್ಟರಾಯ್ತು. ನೀನೇ ಹೋಗಿ ತಪ್ಪಾಗಿದೆ ಅಂತ ಡಂಗುರ ಸಾರ್ತೀಯಾ?"

"ಚೀಟಿ ಮೇಲೆ ನಿಮ್ಮಪ್ಪನ ಹೆಸರಿದೆ."

"ಅಪ್ಪ ಏನೂ ಅಂದ್ಕೊಳ್ಳಲ್ಲಮ್ಮ."

"ಅವರು ಅಂದ್ಕೊಳ್ಳೋ ಹಾಗಿದ್ದಿದ್ರೆ ನನಗೆ ಇಷ್ಟು ಕಷ್ಟ ಇರ್ತಿರಲಿಲ್ಲ. ಬೈಸ್ಕೊಂಡು ಸುಮ್ಮನಾಗ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಇದು ನನ್ನ ಮಾನ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು. ಸತ್ತವರದ್ದು ಕಣೇ."

ಮಗಳು ಎದ್ದು ದೀಪ ಹಾಕಿದಳು. ಚೀಟಿಗಳನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಫೋನ್ ಇಲ್ಲದ ಮೂವರ ಮನೆಗೆ ಒಳಗಿನಮ್ಮ ನಡೆದೇ ಹೋದರು. ಗಂಡನ ಹೆಸರಿನ ಕೆಲಸದಲ್ಲಿ ತಪ್ಪಾಗಿದೆ, ದಯವಿಟ್ಟು ಮೂರು ದಿನಕ್ಕೆ ಗಡಿಯಾರ ವಾಪಸು ಕೊಡಿ ಎಂದು ಬಾಗಿಲಲ್ಲಿ ನಿಂತು ಕೇಳಿದರು. ಒಬ್ಬರು ಅನುಮಾನದಿಂದ ನೋಡಿದರು. ಒಬ್ಬರು, ಇನ್ನೇನು ಮುಚ್ಚುವ ಅಂಗಡಿಯಲ್ಲವೆ ಎಂದರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರಂತೂ ಮೊದಲು ಕೊಡಲು ಒಪ್ಪಲೇ ಇಲ್ಲ.

"ಬೇಡ ಕಣಮ್ಮ, ಹಿಂದೆ ಇದ್ರೇ ಒಳ್ಳೇದು. ಇಪ್ಪತ್ತು ವರ್ಷದಿಂದ ಮನೆಗೆ ತಡವಾಗಿ ಹೋಗ್ತಿದ್ದೀನಿ. ಸರಿಯಾದ ಟೈಮಿಗೆ ಹೋದ್ರೆ ಮನೆಯವಳಿಗೆ ಅನುಮಾನ ಬರುತ್ತೆ."

"ನಿಮ್ಮ ಮನೆಯವರಿಗೆ ನಾನೇ ಬಂದು ಹೇಳ್ತೀನಿ, ಕೊಡಿ" ಎಂದು ಕೈಚಾಚಿದರು ಒಳಗಿನಮ್ಮ. ಗುಮಾಸ್ತರು ನಕ್ಕು ಬಿಚ್ಚಿಕೊಟ್ಟರು.

ಕೆರೆದು ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅದಕ್ಕೆ ಇರುವುದು ಒಂದೇ ಉಪಾಯ. ಸ್ಕ್ರೂ ತಲೆಯ ಕೆಳಗೆ ಹಿತ್ತಾಳೆಯ ವಾಷರ್ ಹಾಕುವುದು. ಸಾಸಿವೆ ಕಾಳಿಗಿಂತ ಚಿಕ್ಕ ಬಳೆ, ಈರುಳ್ಳಿಯ ಹೊರಸಿಪ್ಪೆಗಿಂತ ತೆಳು. ಯಜಮಾನರ ಮೇಜಿನ ಖಾನೆಯಲ್ಲಿ ಅದರದೊಂದು ಡಬ್ಬಿ ಇತ್ತು. ಮೂವತ್ತು ವರ್ಷದಲ್ಲಿ ಅದನ್ನು ತೆಗೆದದ್ದು ಕೈಬೆರಳಲ್ಲಿ ಎಣಿಸುವಷ್ಟು. ವಾಷರ್ ಹಾಕುವುದೆಂದರೆ ತಪ್ಪೊಪ್ಪಿಗೆ ಬರೆದುಕೊಟ್ಟಂತೆ, ನಾಳೆ ಇನ್ನೊಬ್ಬ ಕಸಬುದಾರ ಬಿಚ್ಚಿ ನೋಡಿದರೆ ಇಲ್ಲಿ ಹೆಚ್ಚು ಕೆರೆದಿದ್ದಾರೆ ಎಂದು ಓದಿಕೊಳ್ಳುತ್ತಾನೆ ಎಂದು ಯಜಮಾನರು ಹೇಳುತ್ತಿದ್ದರಂತೆ. ಹತ್ತು ಚಕ್ರಗಳಿಗೆ ಹದಿನೇಳು ವಾಷರ್ ಹಿಡಿದವು. ಕಲ್ಲಿನ ಮುಕ್ಕಿರುವ ಜಾಗದ ಪಕ್ಕ ಪೀಠದ ಮೇಲೆ ಮಗಳ ಉಗುರುಬಣ್ಣದಿಂದ ಒಂದು ಕೆಂಪು ಬೊಟ್ಟಿಟ್ಟಿದ್ದಾರೆ. ಅಂಥ ಕಲ್ಲು ಈಗ ಎಲ್ಲೂ ಸಿಗುವುದಿಲ್ಲ. "ಗಾಯ ಇರೋ ಕಡೆ ಹೋಗ್ಬಾರ್ದು. ಉಳಿದ ಜಾಗದಲ್ಲಿ ಕೆಲಸ ಮಾಡ್ಕೋಬೇಕು" ಎನ್ನುತ್ತಾರೆ.

*

ಹತ್ತೂ ಸರಿಯಾದವು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಆದರೆ ಗಂಡನ ಕುರ್ಚಿಯಲ್ಲಿ ತಾವೇ ಕೂರತೊಡಗಿದ ಮೇಲೆ ಹಿಂದೆಂದೂ ಕಾಣದ ಒಂದು ದೃಶ್ಯ ಅವರ ಕಣ್ಣಿಗೆ ಬಿತ್ತು. ಎದುರಿನ ದರ್ಜಿ ದಿನವೂ ಬೆಳಿಗ್ಗೆ ಅಂಗಡಿ ತೆರೆದೊಡನೆ ಹೊಲಿಗೆ ಯಂತ್ರದ ಮುಂದೆ ಕೂತು, ಕತ್ತು ಚಾಚಿ ಇವರ ಅಂಗಡಿಯ ಗೋಡೆ ಗಡಿಯಾರವನ್ನು ನೋಡುತ್ತಾನೆ. ಆಮೇಲೆ ಕೈಯನ್ನು ಮೇಜಿನ ಕೆಳಗೆ ಇಳಿಸಿ, ಕೈಗಡಿಯಾರದ ತಿರುಗುಮೊಳೆಯನ್ನು ಎಳೆದು ಏನೋ ಮಾಡುತ್ತಾನೆ. ಕದ್ದು ಬೀಡಿ ಸೇದುವವನ ಹಾಗೆ.

ಯಜಮಾನರು ಹೋದ ದಿನ ಓಡಾಡಿದ್ದೆಲ್ಲ ಈ ದರ್ಜಿಯೇ. ಆ ಋಣಕ್ಕೆಂದು ಒಳಗಿನಮ್ಮ ಆ ಐದು ವಾರಗಳಲ್ಲೇ ಅವನ ಗಡಿಯಾರವನ್ನೂ ಬಿಚ್ಚಿ, ಚೀಟಿ ಬರೆಯದೆ, ಸರಿಮಾಡಿ ಕೊಟ್ಟಿದ್ದರು. ಚೀಟಿ ಇಲ್ಲದ್ದರಿಂದ ಲೆಕ್ಕಕ್ಕೆ ಬಂದಿರಲಿಲ್ಲ. ನಡುವೆ ಎರಡು ಸಲ ಕೇಳಿದ್ದರು. "ಫಸ್ಟ್ ಕ್ಲಾಸ್ ಅಕ್ಕ, ಸೂರ್ಯನೇ ನನ್ನ ವಾಚ್ ನೋಡಿ ಹುಟ್ತಾನೆ" ಎಂದಿದ್ದ.

ಒಂದು ಬೆಳಿಗ್ಗೆ ಅವರು ಬೀದಿ ದಾಟಿ ಅವನ ಯಂತ್ರದ ಮುಂದೆ ನಿಂತರು.

"ಮೇಜಿನ ಕೆಳಗೆ ಏನು ಮಾಡ್ತಿದ್ದೀಯಪ್ಪ?"

"ಏನಿಲ್ಲ ಅಕ್ಕ. ದಾರ ಸಿಕ್ಕಿತ್ತು."

"ದಿನಾ ಇದೇ ಹೊತ್ತಿಗೆ ಸಿಗುತ್ತಾ ದಾರ? ಎಷ್ಟು ಹಿಂದೆ ಬೀಳುತ್ತೆ, ಹೇಳು."

ದರ್ಜಿ ಬಾಯಲ್ಲಿದ್ದ ಸೂಜಿಯನ್ನು ತೆಗೆದು ಅಂಗಿಯ ಎದೆಗೆ ಚುಚ್ಚಿಕೊಂಡ. "ಅರ್ಧ ನಿಮಿಷ. ಅಷ್ಟೇ ಅಕ್ಕ. ಒಂದು ಗುಂಡಿ ಹಾಕೋ ಹೊತ್ತು."

"ಎಷ್ಟು ದಿನದಿಂದ?"

"ಕೊಟ್ಟ ದಿನದಿಂದ."

"ಮತ್ತೆ ಊರೆಲ್ಲ ತಿರುಗಿ ನಾನು ವಾಚ್ ಕೇಳ್ತಿದ್ದಾಗ ಬಾಯಲ್ಲಿ ಸೂಜಿ ಇಟ್ಕೊಂಡು ನೋಡ್ತಾ ಕೂತಿದ್ಯಾ? ನನ್ನ ಮೇಲೆ ದಯೆ ತೋರಿಸೋಕೆ ನಿನ್ನ ಯಾರು ಕೇಳಿದ್ರು? ಬಿಚ್ಚು."

ದರ್ಜಿ ಬಿಚ್ಚಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಐವತ್ತು ದಾಟಿದ ಮನುಷ್ಯ, ತಪ್ಪು ಮಾಡಿದ ಮಗುವಿನ ಹಾಗೆ ತಲೆತಗ್ಗಿಸಿದ.

"ದಯೆ ಅಲ್ಲ ಅಕ್ಕ. ನಿಮ್ಮನ್ನ ಕೇಳೋಕೆ ನನಗೆ ಮುಖ ಇಲ್ಲ. ಆವತ್ತು ನಾನು ಕೂಗಿದ್ದಕ್ಕಿಂತ ಮುಂಚೇನೇ ಬಂದಿದ್ದೆ."

ಒಳಗಿನಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು.

"ಮೆಟ್ಟಿಲು ಹತ್ತಿದಾಗ ಅಣ್ಣನ ಮುಖದಲ್ಲಿ ಬೆವರು. ವಾಚ್ ಹಿಡಿದ ಕೈ ಎದೆ ಮೇಲಿತ್ತು. 'ಅಣ್ಣಾ' ಅಂತ ಬಾಯಿ ತೆರೆದೆ. ಅವರು ಬಲಗೈ ಎತ್ತಿದ್ರು. ಆ ಕೈ ಗೊತ್ತಲ್ಲ ಅಕ್ಕ ನಿಮಗೆ? ಚಕ್ರ ತೊಟ್ಟಿಲಲ್ಲಿದೆ, ಸುಮ್ಮನಿರು ಅಂತ. ಮೊಣಕೈ ಗಾಜಿನ ಮೇಜಿಗೆ ಊರ್ಕೊಂಡು ಹಾಗೇ ಹಿಡಿದ್ರು. ಮೂವತ್ತು ವರ್ಷದ ಅಭ್ಯಾಸ, ಆ ಕೈ ಕಂಡ್ರೆ ನನ್ನ ಕಾಲು ತಾನಾಗಿ ನಿಲ್ಲುತ್ತೆ. ನಿಂತ್ಕೊಂಡೆ. ನೀವು ಎರಡು ಸಲ ತಟ್ಟಿದ್ದು ಕೇಳಿಸ್ತು. 'ಆಯ್ತಲ್ಲ ಅಣ್ಣ, ಕೈ ಇಳಿಸಿ' ಅಂದೆ. ಇಳಿಸಲಿಲ್ಲ. ಆಗ ಕೂಗಿದೆ."

ಬೀದಿಯಲ್ಲಿ ಮೊದಲ ಲಾರಿ ಹಾದುಹೋಯಿತು. ಯಂತ್ರದ ಮೇಲಿದ್ದ ಕತ್ತರಿ ಸಣ್ಣಗೆ ಅದುರಿತು.

"ಎಷ್ಟು ಹೊತ್ತು ನಿಂತಿದ್ದೆ?" ಎಂದು ಕೇಳಿದರು ಒಳಗಿನಮ್ಮ.

"ನೂರು ಎಣಿಸೋ ಅಷ್ಟು ಇರ್ಬಹುದು. ಅಷ್ಟರಲ್ಲಿ ಓಡಿ ಹೋಗಿದ್ರೆ..."

ಎರಡು ನಿಮಿಷ ಮೊದಲು ಬಂದಿದ್ದರೂ ಅಷ್ಟೆ ಎಂದು ಡಾಕ್ಟರು ಆ ದಿನವೇ ಹೇಳಿದ್ದರು. ಒಳಗಿನಮ್ಮ ಆ ಮಾತನ್ನು ನಂಬಿಯೂ ಇರಲಿಲ್ಲ, ನಂಬದೆಯೂ ಇರಲಿಲ್ಲ. ಮಗಳಿಗೂ ಹೇಳದಿದ್ದುದನ್ನು ಅವರು ಅಂದು ದರ್ಜಿಗೆ ಹೇಳಿದರು.

"ಕೀ ಕೊಡೋ ಸದ್ದು ನಿಂತಿದ್ದು ನನಗೂ ಕೇಳಿಸಿತ್ತಪ್ಪ. ನಾನೂ ಏಳಲಿಲ್ಲ. ಚಕ್ರ ನಿಲ್ಲಲಿ ಅಂತ ಕಾದೆ."

ದರ್ಜಿ ತಲೆಯೆತ್ತಿ ನೋಡಿದ. ಒಳಗಿನಮ್ಮ ಎದ್ದರು. "ಭಾರ ಇರೋದು ತಪ್ಪಲ್ಲ, ಒಂದೇ ಕಡೆ ಇರೋದು ತಪ್ಪು ಅಂತಿದ್ರು ನಿಮ್ಮಣ್ಣ. ಇಷ್ಟು ದಿನ ನಾನೊಬ್ಬಳೇ ಹೊತ್ಕೊಂಡಿದ್ದೀನಿ ಅಂದ್ಕೊಂಡಿದ್ದೆ. ಬಿಚ್ಚು ವಾಚು."

ಈ ಸಲ ದರ್ಜಿ ಬಿಚ್ಚಿಕೊಟ್ಟ.

*

ದರ್ಜಿಯ ಚಕ್ರಕ್ಕೆ ಎರಡು ವಾಷರ್ ಹಿಡಿದವು. ಮೂರು ಜಾಗದಲ್ಲಿ ಇಟ್ಟು ಮೂರು ಸಲ ನೋಡಿದರು. ಚಕ್ರ ಇಟ್ಟಲ್ಲೇ ಸುಮ್ಮನಿತ್ತು. ಹನ್ನೊಂದಕ್ಕೆ ಹತ್ತೊಂಬತ್ತು ವಾಷರ್. ಡಬ್ಬಿಯಲ್ಲಿ ಇನ್ನು ಇಪ್ಪತ್ತೊಂದಿವೆ. ನಿಮಗೆ ಏನಾಗಬೇಕು, ಯಾರಾದರೂ ಏನಾದರೂ ಮಾಡಿಕೊಡುವುದಾದರೆ ಏನು ಕೇಳುತ್ತೀರಿ ಎಂದರೆ ಅವರು ಆ ಡಬ್ಬಿಯನ್ನೇ ನೋಡುತ್ತಾರೆ.

"ಅದನ್ನ ಮತ್ತೆ ತೆಗೆಯೋ ಹಾಗೆ ಆಗದಿದ್ರೆ ಸಾಕು. ನನ್ನ ಕಣ್ಣು ಇರೋಷ್ಟು ದಿನ ಅಷ್ಟೇ ಈ ಕೆಲಸ. ಆಮೇಲೆ ತೊಟ್ಟಿಲು ಯಾರಿಗಾದ್ರೂ ಬೇಕಾದ್ರೆ ಕೊಡ್ತೀನಿ, ಮುಕ್ಕಿದೆ ಅಂತ ಹೇಳಿಯೇ ಕೊಡ್ತೀನಿ."

ಬೆಳಗಿನ ಏಳಾಗುತ್ತಿದೆ. ಇಂದಿನ ಎರಡು ಚಕ್ರ ಮುಗಿದಿವೆ. ಒಳಗಿನಮ್ಮ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು, ಅದು ಬಿಟ್ಟ ಸುತ್ತು ಗುರುತನ್ನು ಬೆರಳಿನಿಂದ ಉಜ್ಜಿಕೊಂಡು, ಮುಂದಿನ ಅಂಗಡಿಗೆ ಬರುತ್ತಾರೆ. ಈಗ ಕೀ ಕೊಡುವ ಕೆಲಸವೂ ಅವರದೇ. ಅವರು ಎಡತುದಿಯಿಂದ ಶುರುಮಾಡುವುದಿಲ್ಲ. ಏಳನೆಯ ಕೊಕ್ಕೆಯಿಂದ ಶುರುಮಾಡುತ್ತಾರೆ. ಅಂದು ಅಲ್ಲಿದ್ದ ಗಡಿಯಾರ ತನ್ನ ಒಡೆಯನ ಮನೆ ಸೇರಿ ಬಹಳ ದಿನವಾಯಿತು. ಈಗ ಯಾವುದಿದ್ದರೂ ಸರಿ, ಮೊದಲು ಹನ್ನೊಂದು ಸುತ್ತು ಕೊಟ್ಟು, ಒಂದು ಕ್ಷಣ ನಿಲ್ಲಿಸಿ, ಉಳಿದ ಒಂಬತ್ತು ಸುತ್ತನ್ನು ಕೊಟ್ಟು ಮುಗಿಸುತ್ತಾರೆ. ಆಮೇಲೆ ಎಂಟನೆಯದು, ಒಂಬತ್ತನೆಯದು, ಕೊನೆಗೆ ಎಡತುದಿಯ ಆರು.

ಹದಿನೇಳೂ ಮುಗಿದ ಮೇಲೆ ಅವರು ಹಲಗೆಯ ಅಡ್ಡಗೋಡೆಯ ಬಳಿ ಹೋಗಿ, ಯಜಮಾನರು ಕೂರುತ್ತಿದ್ದ ಕಡೆಯಿಂದ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಎದುರಿನಲ್ಲಿ ದರ್ಜಿ ಯಂತ್ರದ ಚಕ್ರವನ್ನು ಹಿಡಿದು ನಿಲ್ಲಿಸಿ, ತಲೆಬಾಗಿಸುತ್ತಾನೆ. ಒಳಗಿನಮ್ಮ ಕಣ್ಣುಮುಚ್ಚಿ ಕೇಳಿಕೊಳ್ಳುವುದು ದಿನವೂ ಒಂದೇ ಮಾತು.

"ದೇವರೇ, 'ಕೆಲಸ ಆಯ್ತು, ಇನ್ನು ಕೈ ಇಳಿಸಿ' ಅಂತ ನೀನಾದ್ರೂ ಅವರಿಗೆ ಹೇಳು. ಆ ಕೈಗೆ ವಿಶ್ರಾಂತಿ ಕೊಡು, ಆ ಜೀವಕ್ಕೆ ನೆಮ್ಮದಿ ಕೊಡು."